ಪಾರ್ಸೆಲ್‌ನಲ್ಲಿ ಬಂದ ಔಷಧ

ರಾಣೆಬೆನ್ನೂರು ತಾಲ್ಲೂಕಿನ ಐರಣಿಯಿಂದ ಓದುಗರೊಬ್ಬರು ಪತ್ರ ಬರೆದಿದ್ದಾರೆ. ಅವರ ತಾಯಿಗೆ ಅರವತ್ತೆಂಟು ವರ್ಷ. ಹನ್ನೆರಡು ವರ್ಷಗಳಿಂದ ಸಕ್ಕರೆ ಕಾಯಿಲೆ. ಬೆಂಗಳೂರಿನಲ್ಲಿರುವ ತಮ್ಮ ಮೊಬೈಲಿನಲ್ಲೇ ಆರ್ಡರ್ ಮಾಡಿ ಗುಳಿಗೆ, ಇನ್ಸುಲಿನ್, ಸಿರಿಂಜುಗಳನ್ನು ಊರಿಗೆ ತಲುಪಿಸುತ್ತಾನೆ. ಕಳೆದ ಏಪ್ರಿಲ್‌ನಲ್ಲಿ ಬಂದ ಪಾರ್ಸೆಲ್ ಬಿಚ್ಚಿದಾಗ ಇನ್ಸುಲಿನ್ ಬಾಟಲಿ ಕೈಗೆ ಬೆಚ್ಚಗಿತ್ತಂತೆ. ಇದಲ್ಲದೆ ಅವ್ವ ತಾವೇ ನೆರೆಮನೆಯ ಹುಡುಗನ ಮೊಬೈಲಿನಿಂದ ಮೊಣಕಾಲು ನೋವಿಗೆ ಒಂದು ಪುಡಿಯನ್ನೂ ತರಿಸಿಕೊಂಡಿದ್ದಾರೆ. 'ನೋವು ಮಂತ್ರ ಹಾಕಿದ ಹಾಗೆ ಹೋಗಿದೆ. ಆದರೆ ಸಕ್ಕರೆ ಮಾತ್ರ ಇಳಿಯುತ್ತಿಲ್ಲ. ಆನ್‌ಲೈನ್ ಇನ್ಸುಲಿನ್ ಡೂಪ್ಲಿಕೇಟ್ ಇರಬಹುದೇ?' ಎಂಬುದು ಅವರ ಪ್ರಶ್ನೆ.

ಇರಬಹುದು. ಆದರೆ ಖೊಟ್ಟಿ ಔಷಧದ ಮೇಲೆ ಅನುಮಾನ ಪಡುವ ಮೊದಲು ಇನ್ನೂ ಮೂರು ಸಂಗತಿಗಳನ್ನು ನೋಡಬೇಕು. ಈ ಪತ್ರದಲ್ಲೇ ಆ ಮೂರೂ ಇವೆ.

ಮೊದಲನೆಯದು ಬಿಸಿಲು. ಬಳಸದ ಇನ್ಸುಲಿನ್ ಬಾಟಲಿಯನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿ ಇಡಬೇಕು. ಬಳಸಲು ಶುರು ಮಾಡಿದ ಬಾಟಲಿ ಬಿಸಿಲು ತಾಗದ ತಂಪು ಜಾಗದಲ್ಲಿ ಸುಮಾರು ನಾಲ್ಕು ವಾರ ಬಾಳುತ್ತದೆ. ಬೇಸಿಗೆಯಲ್ಲಿ ಮುಚ್ಚಿದ ವ್ಯಾನಿನೊಳಗೆ ಬಿಸಿ ಎಷ್ಟಿರುತ್ತದೆಂದು ನಿಮಗೇ ಗೊತ್ತು. ಪಾರ್ಸೆಲ್ ಒಂದು ದಿನ ಗೋದಾಮಿನಲ್ಲಿ, ಇನ್ನೊಂದು ದಿನ ಗಾಡಿಯಲ್ಲಿ ಕಳೆದರೆ ಇನ್ಸುಲಿನ್ ಶಕ್ತಿ ಕುಂದುತ್ತದೆ. ಇದರ ಕೆಡುಕು ಏನೆಂದರೆ, ಕೆಟ್ಟ ಇನ್ಸುಲಿನ್ ಅನೇಕ ಸಲ ಕಣ್ಣಿಗೆ ಸರಿಯಾಗಿಯೇ ಕಾಣುತ್ತದೆ. ತಿಳಿಯಾಗಿರಬೇಕಾದದ್ದು ಮಬ್ಬಾಗಿದ್ದರೆ, ಹಾಲಿನಂತಿರಬೇಕಾದದ್ದು ಅಂಗೈಯಲ್ಲಿ ನಿಧಾನವಾಗಿ ಉರುಳಿಸಿದ ಮೇಲೂ ಗಂಟು ಗಂಟಾಗಿ ಉಳಿದರೆ ಎಸೆಯಿರಿ. ಐಸ್‌ಗೆ ನೇರವಾಗಿ ತಾಗಿ ಹೆಪ್ಪುಗಟ್ಟಿದ ಇನ್ಸುಲಿನ್ ಕೂಡ ಕೆಟ್ಟಂತೆಯೇ. ತಂಪಿನ ಪೆಟ್ಟಿಗೆಯಿಲ್ಲದೆ ಬೆಚ್ಚಗೆ ಬಂದ ಬಾಟಲಿಯನ್ನು ಸ್ವೀಕರಿಸದೆ ವಾಪಸು ಕಳಿಸುವುದೇ ಸರಿ. ನನ್ನನ್ನು ಕೇಳಿದರೆ, ಮಾರ್ಚ್‌ನಿಂದ ಮೇವರೆಗೆ ಇನ್ಸುಲಿನ್ ಒಂದನ್ನಾದರೂ ಫ್ರಿಜ್ ಇರುವ ಹತ್ತಿರದ ಔಷಧ ಅಂಗಡಿಯಿಂದಲೇ ಕೊಳ್ಳಿ. ಉಳಿತಾಯವಾಗುವ ಹತ್ತಿಪ್ಪತ್ತು ರೂಪಾಯಿಗೆ ಈ ಗಂಡಾಂತರ ಬೇಡ. ಮನೆಯಲ್ಲಿ ಫ್ರಿಜ್ ಇಲ್ಲದವರು ಬಾಟಲಿಯನ್ನು ನೀರು ತಾಗದಂತೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಒದ್ದೆ ಮರಳಿನಲ್ಲಿಟ್ಟ ಮಣ್ಣಿನ ಗಡಿಗೆಯೊಳಗೆ ಇಡಬಹುದು. ಫ್ರಿಜ್‌ನಷ್ಟು ತಂಪು ಸಿಗದಿದ್ದರೂ ಹೊರಗಿನ ಝಳ ತಪ್ಪುತ್ತದೆ.

ಎರಡನೆಯದು ಸಿರಿಂಜು. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಏಕೆಂದರೆ ಆನ್‌ಲೈನ್ ಖರೀದಿಯಲ್ಲಿ ಆಗುವ ಅತ್ಯಂತ ಅಪಾಯಕರ ತಪ್ಪು ಇದೇ. ನಮ್ಮಲ್ಲಿ ಬಾಟಲಿಯ ಇನ್ಸುಲಿನ್ ಸಾಮಾನ್ಯವಾಗಿ ಒಂದು ಮಿಲಿಲೀಟರಿಗೆ 40 ಯೂನಿಟ್ ಇರುತ್ತದೆ. 100 ಯೂನಿಟ್‌ನದೂ ಸಿಗುತ್ತದೆ. ಎರಡಕ್ಕೂ ಸಿರಿಂಜು ಬೇರೆ ಬೇರೆ. 40ರ ಸಿರಿಂಜಿಗೆ ಕೆಂಪು ಮುಚ್ಚಳ, 100ರದಕ್ಕೆ ಕಿತ್ತಳೆ ಮುಚ್ಚಳ. ಮೊಬೈಲಿನ ಪುಟ್ಟ ಚಿತ್ರದಲ್ಲಿ ಎರಡೂ ಒಂದೇ ಥರ ಕಾಣುತ್ತವೆ. ಈಗ ಲೆಕ್ಕ ನೋಡಿ. ವೈದ್ಯರು 20 ಯೂನಿಟ್ ಹೇಳಿದ್ದಾರೆಂದುಕೊಳ್ಳೋಣ. 40ರ ಇನ್ಸುಲಿನ್ನನ್ನು 100ರ ಸಿರಿಂಜಿನಲ್ಲಿ 20ರ ಗೆರೆಯವರೆಗೆ ಎಳೆದರೆ ದೇಹಕ್ಕೆ ಸೇರುವುದು ಬರೀ 8 ಯೂನಿಟ್. ಸಕ್ಕರೆ ಇಳಿಯುವುದಿಲ್ಲ. ಅದೇ 100ರ ಇನ್ಸುಲಿನ್ನನ್ನು 40ರ ಸಿರಿಂಜಿನಲ್ಲಿ 20ರ ಗೆರೆಯವರೆಗೆ ಎಳೆದರೆ 50 ಯೂನಿಟ್ ಸೇರುತ್ತದೆ. ಸಕ್ಕರೆ ಕುಸಿದು ರೋಗಿ ಪ್ರಜ್ಞೆ ತಪ್ಪಬಹುದು, ಪ್ರಾಣವೇ ಹೋಗಬಹುದು. ಐರಣಿಯ ಓದುಗರು ಇಂದೇ ಬಾಟಲಿಯ ಮೇಲಿನ ಅಂಕಿ ಮತ್ತು ಸಿರಿಂಜಿನ ಮೇಲಿನ ಅಂಕಿ ಎರಡನ್ನೂ ಅಕ್ಕಪಕ್ಕ ಇಟ್ಟು ಓದಬೇಕು. ಮುಚ್ಚಳದ ಬಣ್ಣವೊಂದನ್ನೇ ನಂಬಬಾರದು.

ಇನ್ನು ಮೂರನೆಯದು, ನನಗೆ ಹೆಚ್ಚು ಅನುಮಾನವಿರುವುದು, ಆ ಪುಡಿ. ವರ್ಷಗಳ ಮೊಣಕಾಲು ನೋವು ನಾಲ್ಕು ದಿನದಲ್ಲಿ ಮಾಯವಾದರೆ ಸಂತೋಷಕ್ಕಿಂತ ಸಂಶಯ ಪಡಬೇಕು. 'ಶುದ್ಧ ಗಿಡಮೂಲಿಕೆ' ಎಂದು ಮಾರುವ ನೋವಿನ ಪುಡಿಗಳಲ್ಲಿ ಡೆಕ್ಸಾಮೆಥಾಸೋನ್‌ನಂಥ ಸ್ಟೀರಾಯ್ಡ್ ಬೆರೆಸಿರುವುದು ಅನೇಕ ದೇಶಗಳ ಪರೀಕ್ಷೆಗಳಲ್ಲಿ ಸಿಕ್ಕಿಬಿದ್ದಿದೆ. ಸ್ಟೀರಾಯ್ಡ್ ನೋವನ್ನು ಬೇಗ ಅಡಗಿಸುತ್ತದೆ, ಹಸಿವು ಹೆಚ್ಚಿಸುತ್ತದೆ, ಮುಖ ಊದಿಸುತ್ತದೆ, ಸಕ್ಕರೆಯನ್ನು ಏರಿಸುತ್ತದೆ. ಅವ್ವನ ಮುಖ ಇತ್ತೀಚೆಗೆ ತುಂಬಿಕೊಂಡಿದೆಯೇ, ಗಮನಿಸಿ. ಸಕ್ಕರೆ ಕಾಯಿಲೆಗೆಂದೇ ಮಾರುವ ಪುಡಿಗಳಲ್ಲಿ ಇಂಗ್ಲಿಷ್ ಗುಳಿಗೆಯನ್ನೇ ಅರೆದು ಹಾಕಿದ ಪ್ರಕರಣಗಳೂ ಇವೆ. 2008ರಲ್ಲಿ ಸಿಂಗಪುರದಲ್ಲಿ ಸಕ್ಕರೆ ಕಾಯಿಲೆಯೇ ಇಲ್ಲದ 150 ಮಂದಿ ರಕ್ತದ ಸಕ್ಕರೆ ಕುಸಿದು ಆಸ್ಪತ್ರೆ ಸೇರಿದರು. ನಾಲ್ವರು ಸತ್ತರು. ಪುರುಷತ್ವ ಹೆಚ್ಚಿಸುವುದೆಂದು ಕಳ್ಳದಾರಿಯಲ್ಲಿ ಮಾರುತ್ತಿದ್ದ ಔಷಧಗಳಲ್ಲಿ ಗ್ಲಿಬೆನ್‌ಕ್ಲಮೈಡ್ ಎಂಬ ಸಕ್ಕರೆ ಗುಳಿಗೆಯ ಅಂಶ ಬೆರೆತಿತ್ತು.

ಸಕ್ಕರೆ ಕಾಯಿಲೆಯನ್ನು ವಾಸಿ ಮಾಡುತ್ತೇವೆಂದು ಜಾಹೀರಾತು ಕೊಡುವುದೇ 1954ರ ಆಕ್ಷೇಪಾರ್ಹ ಜಾಹೀರಾತು ಕಾಯಿದೆಯ ಪ್ರಕಾರ ಅಪರಾಧ. ಕ್ಯಾನ್ಸರ್, ಕುರುಡುತನ ಮುಂತಾದವೂ ಅದೇ ಪಟ್ಟಿಯಲ್ಲಿವೆ. ಅಂಥ ಜಾಹೀರಾತು ಕಂಡರೆ ಮುಂದೆ ಓದುವ ಅಗತ್ಯವೇ ಇಲ್ಲ. ಡಬ್ಬಿಯ ಮೇಲೆ ಆಹಾರ ಸುರಕ್ಷತಾ ಪ್ರಾಧಿಕಾರದ 14 ಅಂಕಿಯ ಲೈಸೆನ್ಸ್ ಸಂಖ್ಯೆ ಇದೆಯೆಂದು ಅನೇಕರು ಧೈರ್ಯ ತಾಳುತ್ತಾರೆ. ಅದು ಆಹಾರ ಪದಾರ್ಥದ ಲೈಸೆನ್ಸ್, ಔಷಧದ್ದಲ್ಲ. ಪೂರಕ ಆಹಾರದ ಡಬ್ಬಿಗಳ ಮೇಲೆ 'ಔಷಧ ಬಳಕೆಗೆ ಅಲ್ಲ' ಎಂಬರ್ಥದ ಇಂಗ್ಲಿಷ್ ಸಾಲನ್ನು ಮುದ್ರಿಸಲೇಬೇಕೆಂದು ನಿಯಮವಿದೆ. ಜಾಹೀರಾತಿನಲ್ಲಿ ರೋಗ ಓಡಿಸುವ ಪುಡಿ, ಡಬ್ಬಿಯ ಮೂಲೆಯಲ್ಲಿ ಔಷಧವಲ್ಲದ ಪುಡಿ!

ಹಾಗಾದರೆ ಮೊಬೈಲಿನಲ್ಲಿ ಔಷಧ ತರಿಸಲೇಬಾರದೇ? ಹಾಗೇನಿಲ್ಲ. ಹಳ್ಳಿಯಲ್ಲಿ ಸಿಗದ ಔಷಧಕ್ಕೆ, ಓಡಾಡಲಾಗದ ಹಿರಿಯರಿಗೆ ಅದು ಅನುಕೂಲವೇ. ಔಷಧ ಮಾರಾಟದ ಕಾನೂನು 1940ರದು, ನಿಯಮಗಳು 1945ರವು. ಆನ್‌ಲೈನ್ ಮಾರಾಟಕ್ಕೆಂದು ಕೇಂದ್ರ ಆರೋಗ್ಯ ಸಚಿವಾಲಯ 2018ರ ಆಗಸ್ಟ್‌ನಲ್ಲಿ ಕರಡು ನಿಯಮ ಪ್ರಕಟಿಸಿತು. ಅದೇ ಡಿಸೆಂಬರ್‌ನಲ್ಲಿ ದೆಹಲಿ ಹೈಕೋರ್ಟ್ ಲೈಸೆನ್ಸ್ ಇಲ್ಲದ ಆನ್‌ಲೈನ್ ಔಷಧ ಮಾರಾಟಕ್ಕೆ ತಡೆಯೊಡ್ಡಿತು. ನಿಮಗೆ ಬೇಕಾದ ತಾತ್ಪರ್ಯ ಇಷ್ಟು: ಮೊಬೈಲಿನ ಹಿಂದೆ ಲೈಸೆನ್ಸ್ ಇರುವ ಒಂದು ನಿಜವಾದ ಔಷಧ ಅಂಗಡಿ ಇರಬೇಕು, ಅದರ ಹೆಸರು, ವಿಳಾಸ, ಲೈಸೆನ್ಸ್ ಸಂಖ್ಯೆ ಬಿಲ್ಲಿನಲ್ಲಿ ಇರಬೇಕು. ವೈದ್ಯರ ಚೀಟಿ ಕೇಳದೆ ಇನ್ಸುಲಿನ್, ಆ್ಯಂಟಿಬಯೋಟಿಕ್, ನಿದ್ರೆ ಗುಳಿಗೆ ಕಳಿಸುವವರನ್ನು 'ಒಳ್ಳೆಯವರು, ಕಿರಿಕಿರಿ ಮಾಡುವುದಿಲ್ಲ' ಎಂದು ಹೊಗಳುವವರಿದ್ದಾರೆ. ಚೀಟಿ ಕೇಳದವರು ಔಷಧ ಎಲ್ಲಿಂದ ತಂದರೆಂದು ತಾವೂ ಕೇಳಿಕೊಂಡಿರಲಾರರು.

ರಾಣೆಬೆನ್ನೂರು ಬೀಜೋತ್ಪಾದನೆಗೆ ಹೆಸರಾದ ಊರು. ಸುತ್ತಿನ ರೈತರಿಗೆ ನಾನು ಬಿಲ್ಲಿನ ಮಹತ್ವ ಹೇಳಿಕೊಡಬೇಕಾಗಿಲ್ಲ. ಬೀಜದ ಪಾಕೀಟಿನ ಲಾಟ್ ನಂಬರ್ ಬಿಲ್ಲಿನಲ್ಲಿ ಇಲ್ಲದಿದ್ದರೆ, ಮೊಳಕೆ ಬಾರದಿದ್ದಾಗ ಯಾರನ್ನೂ ಕೇಳುವಂತಿಲ್ಲ. ಔಷಧಕ್ಕೂ ಇದೇ ಲೆಕ್ಕ. ಗುಳಿಗೆಯ ಹಾಳೆಯ ಮೇಲಿನ ಬ್ಯಾಚ್ ನಂಬರ್, ಅವಧಿ ಮುಗಿಯುವ ತಿಂಗಳು ಎರಡೂ ಬಿಲ್ಲಿನೊಂದಿಗೆ ಹೊಂದಬೇಕು. ಔಷಧದ ಮೂಲ ಹೆಸರು ಮತ್ತು ಮಿಲಿಗ್ರಾಂ ಚೀಟಿಯಲ್ಲಿದ್ದಂತೆಯೇ ಇರಬೇಕು. ಕಂಪನಿ ಬೇರೆಯಾದರೆ ಚಿಂತೆಯಿಲ್ಲ, 500 ಇದ್ದದ್ದು 1000 ಆದರೆ ಚಿಂತೆಯಿದೆ. ಹೆಚ್ಚು ಮಾರಾಟವಾಗುವ 300 ಬ್ರ್ಯಾಂಡ್‌ಗಳ ಮೇಲೆ 2023ರ ಆಗಸ್ಟ್ 1ರಿಂದ ಕ್ಯೂಆರ್ ಚೌಕ ಅಥವಾ ಬಾರ್ ಕೋಡ್ ಕಡ್ಡಾಯವಾಗಿದೆ. ಮೊಬೈಲಿನಲ್ಲಿ ಅದನ್ನು ಹಿಡಿದಾಗ ಬರುವ ಬ್ಯಾಚ್ ನಂಬರ್ ಹಾಳೆಯ ಮೇಲಿನದಕ್ಕೆ ತಾಳೆಯಾಗುತ್ತದೆಯೇ ನೋಡಬಹುದು.

ಪಾರ್ಸೆಲ್ ಬಿಚ್ಚುವಾಗ ಮೊಬೈಲಿನಲ್ಲಿ ಚಿತ್ರೀಕರಿಸಿಕೊಳ್ಳಿ. ತಕರಾರು ಬಂದರೆ ಮೊದಲು ಮಾರಾಟಗಾರರ ದೂರು ಅಧಿಕಾರಿಗೆ ಬರೆಯಿರಿ. 2020ರ ಇ-ವಾಣಿಜ್ಯ ನಿಯಮದಂತೆ ಅವರು 48 ಗಂಟೆಯೊಳಗೆ ದೂರು ತಲುಪಿದ್ದನ್ನು ತಿಳಿಸಬೇಕು, ಒಂದು ತಿಂಗಳಲ್ಲಿ ಪರಿಹರಿಸಬೇಕು. ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಮಾರಿದವರು ಮುಂಬಯಿಯಲ್ಲಿದ್ದರೂ ನೀವು ಹಾವೇರಿಯ ಜಿಲ್ಲಾ ಗ್ರಾಹಕ ಆಯೋಗದಲ್ಲೇ ದೂರು ಹೂಡಲು 2019ರ ಕಾಯಿದೆ ಅವಕಾಶ ಕೊಟ್ಟಿದೆ. 'ಹಣ ವಾಪಸು ಕೊಡುತ್ತೇವೆ, ಒಟಿಪಿ ಹೇಳಿ' ಎಂದು ಫೋನ್ ಬಂದರೆ ಇಟ್ಟುಬಿಡಿ. ಹೇಳಿ ಹಣ ಕಳೆದುಕೊಂಡಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ರಿಯಾಯಿತಿಯ ಆಸೆಗೆ ಆನ್‌ಲೈನ್ ಹಿಡಿದವರು ಒಮ್ಮೆ ಜನೌಷಧಿ ಮಳಿಗೆಯ ದರವನ್ನೂ ವಿಚಾರಿಸಿ. ಸರ್ಕಾರಿ ಆಸ್ಪತ್ರೆಗಳಲ್ಲಿ ಸಕ್ಕರೆ, ರಕ್ತದೊತ್ತಡದ ಸಾಮಾನ್ಯ ಗುಳಿಗೆಗಳು ಉಚಿತ.

ಐರಣಿಯ ಓದುಗರಿಗೆ ಕಡೆಯದಾಗಿ ಒಂದು ಮುಖ್ಯ ಮಾತು. ಇದನ್ನು ಓದಿದ ಕೂಡಲೇ ಪುಡಿಯ ಡಬ್ಬಿಯನ್ನು ತಿಪ್ಪೆಗೆ ಎಸೆಯಬೇಡಿ. ಸ್ಟೀರಾಯ್ಡ್ ಬೆರೆತ ಪುಡಿಯನ್ನು ಕೆಲವು ವಾರ ತಿಂದವರು ಒಮ್ಮೆಗೇ ಬಿಟ್ಟರೆ ವಾಂತಿ, ವಿಪರೀತ ನಿಶ್ಶಕ್ತಿ, ರಕ್ತದೊತ್ತಡ ಕುಸಿತ ಉಂಟಾಗಬಹುದು. ವೈದ್ಯರು ಅದನ್ನು ಲೆಕ್ಕ ಹಾಕಿ ಇಳಿಸಬೇಕಾಗುತ್ತದೆ. ಹಾಗೆಂದು ತಿನ್ನುತ್ತಾ ಕಾಯುವುದೂ ಬೇಡ. ನಾಳೆಯೇ ಅವ್ವನನ್ನು ರಾಣೆಬೆನ್ನೂರಿನ ಆಸ್ಪತ್ರೆಗೆ ಕರೆದೊಯ್ಯಿರಿ. ಜೊತೆಗೆ ಪುಡಿಯ ಡಬ್ಬಿ, ಇನ್ಸುಲಿನ್ ಬಾಟಲಿ, ಬಳಸುತ್ತಿರುವ ಸಿರಿಂಜು, ಗುಳಿಗೆಯ ಹಾಳೆಗಳು, ಬಿಲ್ಲು ಎಲ್ಲವನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ.