ಹೈಡ್ರೋಜನ್ ಟ್ರ್ಯಾಕ್ಟರ್: ಬಾಳಿಕೆ ಎಷ್ಟು ಗಂಟೆ?

"ಹೈಡ್ರೋಜನ್ ಟ್ರ್ಯಾಕ್ಟರ್ ಬಂದ್ರೆ ಡೀಸೆಲ್ ಚಿಂತೆ ತಪ್ಪುತ್ತಲ್ವಾ ಸಾರ್?" ಅಂತ ರೈತರು ಕೇಳುತ್ತಿರುತ್ತಾರೆ. ವಿಷಯ ಹಳೇದೇ. ಅಮೆರಿಕದ ಆಲಿಸ್ ಚಾಲ್ಮರ್ಸ್ ಕಂಪನಿ 1959ರಲ್ಲೇ 1,008 ಫ್ಯುಯೆಲ್ ಸೆಲ್ ಜೋಡಿಸಿದ ಟ್ರ್ಯಾಕ್ಟರ್‌ನಿಂದ ಕುದುರೆ ಮೆಂತೆಯ ಹೊಲ ಉತ್ತು ತೋರಿಸಿತ್ತು. ಓಡುತ್ತೆ ಅನ್ನೋದು ಆಗಲೇ ಗೊತ್ತಾಯ್ತು. ಎಷ್ಟು ಕಾಲ ಓಡುತ್ತೆ ಅನ್ನೋದೇ ಪ್ರಶ್ನೆ.

ಈಗಿನ ವಾಹನಗಳ ಸೆಲ್‌ನಲ್ಲಿ ಒಂದು ತೆಳು ಪೊರೆ, ಅದರ ಎರಡೂ ಬದಿಗೆ ಇಂಗಾಲದ ಪುಡಿಗೆ ಅಂಟಿದ ಪ್ಲಾಟಿನಂ ಕಣಗಳು ಇರುತ್ತವೆ. ಒಂದು ಕಡೆ ಹೈಡ್ರೋಜನ್, ಇನ್ನೊಂದು ಕಡೆ ಗಾಳಿ ಹೋದರೆ ಕರೆಂಟು ಹುಟ್ಟುತ್ತೆ. ಒಂದೇ ಸಮನೆ ಓಡಿದರೆ ಸವೆತ ಕಡಿಮೆ. ಆದರೆ ಹೊಲದಲ್ಲಿ ಹಾಗಾಗಲ್ಲ. ಸಾಲಿನ ತುದಿಗೆ ಬಂದಾಗ ರೋಟಾವೇಟರ್ ಎತ್ತುತ್ತೀರಿ, ತಿರುಗಿಸಿ ಮತ್ತೆ ಇಳಿಸುತ್ತೀರಿ. ಹೀಗೆ ಹೊರೆ ಏರಿಳಿದಾಗಲೆಲ್ಲ ಪ್ಲಾಟಿನಂ ಚೂರುಚೂರೇ ಕರಗುತ್ತೆ, ಸಣ್ಣ ಕಣಗಳು ಕೂಡಿ ದಪ್ಪಗಾಗುತ್ತವೆ, ಕೆಲಸ ಮಾಡುವ ಮೈ ಕಮ್ಮಿಯಾಗುತ್ತೆ. ಪೊರೆಯೂ ಅಷ್ಟೇ, ನೆನೆದು ಒಣಗಿ, ಹಿಗ್ಗಿ ಕುಗ್ಗಿ, ಬೇಸಿಗೆಯ ಎರೆ ಹೊಲದ ಹಾಗೆ ಬಿರುಕು ಬಿಡುತ್ತೆ.

ಇದನ್ನು ತಿಳಿಯಲು ಹತ್ತು ವರ್ಷ ಕಾಯೋಕಾಗುತ್ತಾ? ಹಾಗಾಗಿ ಪ್ರಯೋಗಾಲಯದಲ್ಲಿ ಸೆಲ್‌ಗೆ ಬೇಕಂತಲೇ ಕಾಟ ಕೊಡುತ್ತಾರೆ. ಅಮೆರಿಕದ ಇಂಧನ ಇಲಾಖೆಯ ಒಂದು ಪರೀಕ್ಷೆಯಲ್ಲಿ ವೋಲ್ಟೇಜನ್ನು 0.6ರಿಂದ 0.95ಕ್ಕೆ 30,000 ಸಲ ಏರಿಸಿ ಇಳಿಸುತ್ತಾರೆ. ಭಾರಿ ಟ್ರಕ್‌ಗಳಿಗೆ 2030ರ ಹೊತ್ತಿಗೆ 25,000 ಗಂಟೆ ಬಾಳಿಕೆ ಬರಬೇಕು ಅನ್ನೋದು ಅದೇ ಇಲಾಖೆಯ ಗುರಿ. ಗುರಿ ಅಂದೆ, ಗ್ಯಾರಂಟಿ ಅಲ್ಲ.

"ನಮ್ಮ ಗೋಬರ್ ಗ್ಯಾಸಿಂದಲೇ ಹೈಡ್ರೋಜನ್ ಮಾಡ್ಕೊಂಡ್ರೆ?" ಮಾಡಬಹುದು, ಆದರೆ ಕೊಳೆತ ಮೊಟ್ಟೆ ವಾಸನೆಯ ಗಂಧಕದ ಅನಿಲ ಅದರಲ್ಲಿದೆಯಲ್ಲ, ಅದು ಪ್ಲಾಟಿನಂಗೆ ಅಂಟಿದರೆ ಸುಲಭಕ್ಕೆ ಬಿಡಲ್ಲ. ವಾಹನಕ್ಕೆ ತುಂಬುವ ಹೈಡ್ರೋಜನ್‌ನಲ್ಲಿ ಗಂಧಕ ನೂರು ಕೋಟಿ ಭಾಗಕ್ಕೆ 4 ಭಾಗ ಮೀರಬಾರದು ಅಂತ ಅಂತರರಾಷ್ಟ್ರೀಯ ಮಾನದಂಡವಿದೆ. ಕಬ್ಬಿಣದ ಪುಡಿಯ ಡಬ್ಬಿಯೊಳಗೆ ಗ್ಯಾಸ್ ಹಾಯಿಸೋದು ಎಂಜಿನ್‌ಗೆ ಸಾಕು, ಇದಕ್ಕೆ ಅದೊಂದೇ ಸಾಲದು. ಡೀಸೆಲ್ ಎಂಜಿನ್ ಅಷ್ಟಿಷ್ಟು ಕೊಳೆ ಜೀರ್ಣಿಸಿಕೊಳ್ಳುತ್ತೆ, ಈ ಸೆಲ್ ಭಾರಿ ನಾಜೂಕು.

ಕೋಳಿ ಫಾರಂ ಇರೋರು ಇನ್ನೊಂದು ಗಮನಿಸಿ. ಶೆಡ್ಡಿನಲ್ಲಿ ಕಣ್ಣು ಉರಿಸುವ ಅಮೋನಿಯಾ ಗಾಳಿಯ ಜೊತೆ ಒಳಗೆ ಹೋದರೆ ಪೊರೆಯ ಶಕ್ತಿ ಕುಂದುತ್ತೆ. ದೂಳು ತಡೆಯುವ ಫಿಲ್ಟರ್ ಇದನ್ನು ತಡೆಯಲ್ಲ, ಅನಿಲ ಹೀರುವ ಫಿಲ್ಟರ್ ಬೇರೆಯೇ ಬೇಕು.

ಮುಂದೆ ಯಾರಾದರೂ ಇಂಥ ಟ್ರ್ಯಾಕ್ಟರ್ ಮಾರಲು ಬಂದರೆ ಸೆಲ್‌ಗೆ ಎಷ್ಟು ಗಂಟೆ ವಾರಂಟಿ, ಶಕ್ತಿ ಶೇ. ಎಷ್ಟು ಇಳಿದರೆ ಬದಲಿಸಿ ಕೊಡ್ತೀರಿ ಅಂತ ಬರವಣಿಗೆಯಲ್ಲಿ ಕೇಳಿ. ವರ್ಷಕ್ಕೆ 800 ಗಂಟೆ ಓಡಿಸುವವರಿಗೆ 8,000 ಗಂಟೆ ಅಂದ್ರೆ ಹತ್ತು ವರ್ಷ. ಬಾಡಿಗೆಗೆ ಬಿಟ್ಟು 1,600 ಗಂಟೆ ಓಡಿಸಿದರೆ ಐದೇ ವರ್ಷ. ಆ ಫಿಲ್ಟರ್‌ನ ಬೆಲೆಯನ್ನೂ ಆಗಲೇ ಕೇಳಿಬಿಡಿ.