ಖಂಡಚಿತ್ರಗಳಲ್ಲಿ ಅಖಂಡ ವ್ಯಕ್ತಿ

ನಮ್ಮ ಮನೆಗಳಲ್ಲಿ ಹಿರಿಯರ ಭಾವಚಿತ್ರವೆಂದರೆ ಬಹುಮಟ್ಟಿಗೆ ಮದುವೆಯ ಗುಂಪುಚಿತ್ರದಿಂದ ಮುಖವೊಂದನ್ನು ಹಿಗ್ಗಿಸಿ ಕಟ್ಟು ಹಾಕಿಸಿದುದೇ ಆಗಿರುತ್ತದೆ. ಮುಖವೇನೋ ಅವರದೇ, ಆದರೆ ಅಕ್ಕಿ ಆರಿಸುತ್ತಿದ್ದ ಬೆರಳೆಲ್ಲಿ, ಓಲೆಯ ಭಾರಕ್ಕೆ ಜೋತ ಕಿವಿಯೆಲ್ಲಿ? ಈ ಕೊರತೆಯನ್ನು ನೀಗಿಸಬಲ್ಲ ಸಂಯುಕ್ತ ಭಾವಚಿತ್ರವನ್ನು ವಾಚಕರಿಗೆ ಪರಿಚಯಿಸಬಯಸುತ್ತೇವೆ.

ಚಿತ್ರಗಳನ್ನು ಕೂಡಿಸುವ ಯತ್ನ ಹೊಸದಲ್ಲ. 1870ರ ದಶಕದಲ್ಲಿ ಇಂಗ್ಲೆಂಡಿನ ಫ್ರಾನ್ಸಿಸ್ ಗಾಲ್ಟನ್ನರು ಅನೇಕರ ಮುಖಗಳನ್ನು ಒಂದೇ ಫಲಕದಲ್ಲಿ ಒಂದರ ಮೇಲೊಂದು ಮೂಡಿಸಿ, ಅಪರಾಧಿಗಳಿಗೆ ಸಾಮಾನ್ಯವಾದ ಮುಖಲಕ್ಷಣವನ್ನು ಅರಸಿದರು. ದೊರೆತುದು ಯಾರದೂ ಅಲ್ಲದ ಮಸುಕು ಮುಖ. ಡೇವಿಡ್ ಹಾಕ್ನಿ ಎಂಬ ಆಂಗ್ಲ ಚಿತ್ರಕಾರರು 1982ರಲ್ಲಿ ತೊಡಗಿದ ಮಾರ್ಗ ಇದಕ್ಕೆ ವಿಪರೀತವಾದುದು. ಮೊದಲು ಪೊಲರಾಯ್ಡ್ ಚಿತ್ರಗಳನ್ನು ಸಾಲುಸಾಲಾಗಿ ಜೋಡಿಸಿದರು. ಬಳಿಕ ಸಾಮಾನ್ಯ ಫಿಲ್ಮಿನ ಪ್ರತಿಗಳನ್ನು ಒಂದರ ಅಂಚಿನ ಮೇಲೆ ಇನ್ನೊಂದು ಬರುವಂತೆ ಅಂಟಿಸಿದರು. ತಮ್ಮ ತಾಯಿಯವರ ಚಿತ್ರವನ್ನೂ ಹೀಗೆಯೇ ರಚಿಸಿದರು.

ಗೃಹಸ್ಥರೂ ಇದನ್ನು ಮನೆಯಲ್ಲಿಯೇ ಸಾಧಿಸಬಹುದು. 35 ಮಿಲಿಮೀಟರ್ ಫಿಲ್ಮಿನ ಸುರುಳಿಯೊಂದರಲ್ಲಿ 36 ಚಿತ್ರಗಳುಂಟು. ಒಬ್ಬರಿಗೆ ಅಷ್ಟು ಸಾಕು. 50 ಮಿಲಿಮೀಟರ್ ಮಸೂರವು ಸಾಮಾನ್ಯವಾಗಿ ಸುಮಾರು ಒಂದೂವರೆ ಅಡಿಗಿಂತ ಹತ್ತಿರದ ವಸ್ತುವನ್ನು ಸ್ಪಷ್ಟವಾಗಿ ಹಿಡಿಯಲಾರದು. ಇನ್ನೂ ಸಮೀಪಿಸಬೇಕಾದರೆ ಮಸೂರಕ್ಕೂ ಕ್ಯಾಮೆರಾಕ್ಕೂ ನಡುವೆ ಟೊಳ್ಳು ಉಂಗುರವೊಂದನ್ನು ತೊಡಿಸಬೇಕು. ಸಮೀಪಿಸಿದಷ್ಟೂ ಸ್ಪಷ್ಟತೆಯ ಆಳ ಕುಗ್ಗುವುದರಿಂದ ರಂಧ್ರವನ್ನು ಎಫ್ 11ರವರೆಗೆ ಕಿರಿದು ಮಾಡತಕ್ಕದ್ದು. ಆಗ ಒಳಬರುವ ಬೆಳಕು ಕಡಮೆಯಾಗಿ, ಚಿತ್ರ ಮೂಡಲು ಹೆಚ್ಚು ಕಾಲ ಹಿಡಿಯುವ ಕಾರಣ ಮುಕ್ಕಾಲಿಯೂ ಕಿಟಕಿಯ ಸೌಮ್ಯವಾದ ಬೆಳಕೂ ಬೇಕು.

ಪ್ರತಿಗಳನ್ನು ಅಂಗಕ್ರಮದಲ್ಲಿಯೇ ಜೋಡಿಸಬೇಕೆಂಬ ನಿಯಮವಿಲ್ಲ. ಉಗುರು ಕಣ್ಣಿನಷ್ಟು ದೊಡ್ಡದಾಗಲಿ. ಅಂಗೈಯ ರೇಖೆ ಹಣೆಯ ಸುಕ್ಕಿಗೆ ಕೂಡಲಿ. ಅಳತೆ ಬದಲಾದೊಡನೆ ಚಿತ್ರವು ಅಮೂರ್ತವಾಗುತ್ತದೆ. ಆದರೂ ಮನೆಯವರು ಇವರು ಇಂಥವರೆಂದು ಹೇಳುವಂತಿರಬೇಕು, ಅದೇ ಪರೀಕ್ಷೆ. ಅಂಟಿಸುವ ಮೊದಲು ಒಂದೆರಡು ದಿನ ಹಲಗೆಯ ಮೇಲೆ ಬಿಡಿಯಾಗಿಯೇ ಇರಿಸಿ, ಹೋಗುತ್ತ ಬರುತ್ತ ನೋಡುವುದು ಲೇಸು.

ಅವಯವಗಳಲ್ಲಿ ನೆಲೆಸಿದ್ದರೂ ಅವಯವಿಯು ಅವುಗಳಿಗಿಂತ ಬೇರೆಯಾದುದೆಂದು ನೈಯಾಯಿಕರು ವಾದಿಸಿದರು, ಬೌದ್ಧರು ಅದನ್ನೊಪ್ಪಲಿಲ್ಲ. ಆ ವಿವಾದವನ್ನು ತೀರ್ಮಾನಿಸುವುದು ನಮ್ಮ ಉದ್ದೇಶವಲ್ಲ. ಆದರೆ ಚೂರುಗಳ ರಾಶಿಯನ್ನು ನೋಡಿ ಮನೆಯ ಮಗುವು "ಅಜ್ಜಿ" ಎಂದು ಕೂಗಿತಾದರೆ, ಅಲ್ಲಿ ಚೂರುಗಳಿಗಿಂತ ಮಿಗಿಲಾದುದೊಂದು ಇದೆಯೆಂದೇ ನಮ್ಮ ಭಾವನೆ.

"ಈ ಸುಕ್ಕುಗೈಯ ಚಿತ್ರ ಯಾತಕ್ಕಪ್ಪ?" ಎಂದು ಹಿರಿಯರು ಸಂಕೋಚಪಡುವುದುಂಟು. ಅವರ ಒಪ್ಪಿಗೆಯಿಲ್ಲದೆ ತೆಗೆಯಲಾಗದು. ಪಕ್ಕದಲ್ಲಿ ಕುಳಿತು ಮಾತನಾಡಿಸುತ್ತ, ಬೇಕಾದರೆ ನಾಲ್ಕು ದಿನ ಕಾದು ತೆಗೆಯಿರಿ. ಹಾರ ಹಾಕುವ ಕಾಲಕ್ಕೆ ಗುಂಪುಚಿತ್ರವನ್ನು ಹುಡುಕುವುದಕ್ಕಿಂತ, ಅವರೇ ನೋಡಿ ನಗುವಂತಹ ಚಿತ್ರವನ್ನು ಈಗಲೇ ರಚಿಸುವುದು ಉಚಿತವಲ್ಲವೆ?