ಎರೆಮಣ್ಣಿನಲ್ಲಿ ಕೇಪಳದ ಹಸಿವು

ಕರಾವಳಿಯ ಗುಡ್ಡಗಳಲ್ಲಿ ಯಾರ ಆರೈಕೆಯೂ ಇಲ್ಲದೆ ಕೆಂಪು ಗೊಂಚಲು ಬಿಡುವ ಕೇಪಳ, ವಿಜಯಪುರ ಜಿಲ್ಲೆಯ ದೇವರ ಹಿಪ್ಪರಗಿಯ ಎರೆಮಣ್ಣಿಗೆ ಬಂದರೆ ಸೊರಗುತ್ತದೆ. ನರ್ಸರಿಗಳಲ್ಲಿ ಇಕ್ಸೋರಾ ಎಂದು ಸಿಗುವ ಗಿಡ ಇದೇ. ಕಾಫಿಯ ಕುಟುಂಬಕ್ಕೆ ಸೇರಿದ, ನಿಧಾನವಾಗಿ ಬೆಳೆಯುವ ನಿತ್ಯಹಸಿರು ಪೊದೆ. ದಕ್ಷಿಣ ಭಾರತ, ಶ್ರೀಲಂಕಾ ಇದರ ತವರು.

ಸೊರಗುವ ರೀತಿಯಲ್ಲೇ ರೋಗದ ಸುಳಿವಿದೆ. ಮೊದಲು ಹಳದಿಯಾಗುವುದು ಚಿಗುರೆಲೆ. ಅದರ ನರಗಳು ಮಾತ್ರ ಹಸಿರಾಗಿ ಉಳಿಯುತ್ತವೆ. ಸಾರಜನಕದ ಕೊರತೆಯಾದರೆ ಹಳೆಯ ಎಲೆ ಮೊದಲು ಬಣ್ಣಗೆಡುತ್ತದೆ, ಏಕೆಂದರೆ ಗಿಡ ಅದನ್ನು ಹಳೆಯ ಎಲೆಯಿಂದ ಚಿಗುರಿಗೆ ಸಾಗಿಸಬಲ್ಲದು. ಕಬ್ಬಿಣವನ್ನು ಹಾಗೆ ಸಾಗಿಸುವುದು ಕಷ್ಟ. ಇದು ಕಬ್ಬಿಣದ ಹಸಿವು.

ಆದರೆ ಇಲ್ಲಿಯ ಮಣ್ಣಿನಲ್ಲಿ ಕಬ್ಬಿಣಕ್ಕೆ ಬರವಿಲ್ಲ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದ ಲಾವಾ ಗಟ್ಟಿಯಾಗಿ ಬಸಾಲ್ಟ್ ಆಯಿತು. ಕಬ್ಬಿಣ ಹೇರಳವಾಗಿರುವ ಆ ಕಲ್ಲು ಸವೆದೇ ಎರೆಭೂಮಿ ಹುಟ್ಟಿದ್ದು. ತೊಡಕು ಸುಣ್ಣದ್ದು. ಮಳೆ ಕಡಿಮೆಯಾದ್ದರಿಂದ ಸುಣ್ಣ ತೊಳೆದುಹೋಗದೆ ಹರಳುಗಟ್ಟಿ ಮಣ್ಣಲ್ಲೇ ಉಳಿಯುತ್ತದೆ, ಪಿಎಚ್ ಹಲವೆಡೆ 8ನ್ನು ದಾಟುತ್ತದೆ. ಪಿಎಚ್ ಒಂದು ಅಂಕ ಏರಿದರೆ ಫೆರಿಕ್ ಕಬ್ಬಿಣದ ಕರಗುವಿಕೆ ಸುಮಾರು 1000 ಪಟ್ಟು ಇಳಿಯುತ್ತದೆ. ಬೇರು ಆಮ್ಲ ಸ್ರವಿಸಿ ಕಬ್ಬಿಣವನ್ನು ಕರಗಿಸಲು ಹೆಣಗುತ್ತದೆ. ಸುಣ್ಣದಿಂದ ಬರುವ ಬೈಕಾರ್ಬೊನೇಟ್ ಆ ಆಮ್ಲವನ್ನೇ ನುಂಗಿಬಿಡುತ್ತದೆ. ಕೇಪಳಕ್ಕೆ ಬೇಕಾದದ್ದು 5ರಿಂದ 6ರ ಆಸುಪಾಸಿನ ಹುಳಿಮಣ್ಣು. ಸುಣ್ಣದ ನೆಲದಲ್ಲಿ ನಿಂಬೆಗಿಡಗಳೂ ಇದೇ ಹಳದಿ ರೋಗಕ್ಕೆ ತುತ್ತಾಗುತ್ತವೆ. ಇಂಡಿ ಭಾಗದ ನಿಂಬೆ ಬೆಳೆಗಾರರು ಈ ಲಕ್ಷಣವನ್ನು ಗುರುತಿಸಲು ಕಲಿತರೆ ತೋಟಕ್ಕೂ ಲಾಭ.

ಆದ್ದರಿಂದ ಇಲ್ಲಿ ಕೇಪಳವನ್ನು ಕುಂಡದಲ್ಲಿ ಬೆಳೆಸುವುದೇ ಸರಿ. ಎರಡು ಪಾಲು ಸುಣ್ಣವಿಲ್ಲದ ಮಸಾರಿ ಮಣ್ಣು, ಒಂದು ಪಾಲು ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ, ಒಂದು ಪಾಲು ತೆಂಗಿನ ನಾರಿನ ಪುಡಿ ಬೆರೆಸಬಹುದು. ತಳದಲ್ಲಿ ತೂತು ಇರಲೇಬೇಕು. ಸಿಮೆಂಟಿನ ಚೂರು, ಸುಣ್ಣ ಬಳಿದ ಗೋಡೆಯ ಉದುರು ಬೀಳದ ಜಾಗ ಬೇಕು.

ನೀರಿನ ಮೇಲೂ ಕಣ್ಣಿರಲಿ. ಗಡಸು ಬೋರ್‌ವೆಲ್ ನೀರು ದಿನದಿನಕ್ಕೂ ಬೈಕಾರ್ಬೊನೇಟ್ ತಂದು ಸುರಿಯುತ್ತದೆ. ಹಿಡಿದಿಟ್ಟ ಮಳೆನೀರು ಕೇಪಳಕ್ಕೆ ಒಳ್ಳೆಯದು. ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟುವ ಈ ಸೀಮೆಯಲ್ಲಿ ಬೆಳಗಿನ ಬಿಸಿಲು, ಮಧ್ಯಾಹ್ನದ ನೆರಳು ಹೊಂದುತ್ತದೆ.

ಎಲೆ ಆಗಲೇ ಹಳದಿಯಾಗಿದ್ದರೆ ಲೀಟರ್ ನೀರಿಗೆ 5 ಗ್ರಾಂ ಫೆರಸ್ ಸಲ್ಫೇಟ್, 1 ಗ್ರಾಂ ಸಿಟ್ರಿಕ್ ಆಮ್ಲ ಕರಗಿಸಿ ಸಂಜೆ ಎಲೆಗಳಿಗೆ ಸಿಂಪಡಿಸಬಹುದು. ಮಣ್ಣಿಗೆ ಹಾಕುವುದಾದರೆ ಪೊಟ್ಟಣದ ಮೇಲೆ ಕಬ್ಬಿಣವನ್ನು ಹಿಡಿದಿಡುವ ರಾಸಾಯನಿಕದ ಹೆಸರು ನೋಡಿಕೊಳ್ಳಬೇಕು: ಇಡಿಟಿಎ ತಾನು ಹಿಡಿದಿಟ್ಟ ಕಬ್ಬಿಣವನ್ನು ಸುಣ್ಣದ ಮಣ್ಣಲ್ಲಿ ಬೇಗ ಕೈಬಿಡುತ್ತದೆ, ಇಡಿಡಿಎಚ್‌ಎ ಹಿಡಿದದ್ದು ಪಿಎಚ್ 8ರ ಮೇಲೂ ನಿಲ್ಲುತ್ತದೆ.

ಹೂ ಬರುವುದು ರೆಂಬೆಯ ತುದಿಯಲ್ಲಿ. ಅಂದಕ್ಕೆಂದು ಮೇಲಿಂದ ಮೇಲೆ ಕತ್ತರಿ ಆಡಿಸಿದರೆ ಮೊಗ್ಗೂ ಹೋಗುತ್ತದೆ. ಒಂದು ಸುತ್ತಿನ ಹೂ ಮುಗಿದ ಮೇಲೆ ಹಗುರವಾಗಿ ಸವರಿದರೆ ಸಾಕು.

ನೆಲದಲ್ಲೇ ನಿತ್ಯಹಸಿರು ಬೇಲಿ ಬೇಕೆನ್ನುವವರಿಗೆ ಕಣಗಿಲೆ ಇದೆ. ಸುಣ್ಣ, ಬರ ಎರಡನ್ನೂ ಅದು ತಾಳುತ್ತದೆ. ಆದರೆ ಅದರ ಎಲೆ, ಹೂ, ಕಾಂಡ ಎಲ್ಲವೂ ವಿಷ, ದನಕರು ಬಾಯಿ ಹಾಕುವ ಕಡೆ ಅದನ್ನು ನೆಡಬಾರದು.